ಮನೇಲಿ ಆನ್‌ಲೈನ್ ಪಾಠ: ಮಕ್ಕಳು ನೋಡಿದ್ದು ತಲೇಲಿ ಉಳಿಯೋ ಹಾಗೆ ಮಾಡೋದು ಹೇಗೆ

ನನ್ನ ಮಗಳು ಐದನೇ ಕ್ಲಾಸಲ್ಲಿದ್ದಾಗ ಭಿನ್ನರಾಶಿ ಬಗ್ಗೆ ಇಪ್ಪತ್ತು ನಿಮಿಷದ ಒಂದು ವಿಡಿಯೋ ಪೂರ್ತಿ ನೋಡಿದ್ಲು. ಮಧ್ಯ ಎದ್ದು ಓಡಾಡ್ಲಿಲ್ಲ, ಬೇರೆ ಟ್ಯಾಬ್ ತೆಗೀಲಿಲ್ಲ, ಮೇಷ್ಟ್ರು "ಗೊತ್ತಾಯ್ತಾ" ಅಂದಾಗೆಲ್ಲ ಗೋಣು ಆಡಿಸ್ತಾ ಇದ್ಲು. ಮುಗಿದ್ಮೇಲೆ "ಅರ್ಥ ಆಯ್ತಾ ಪುಟ್ಟಾ" ಅಂದೆ, "ಎಲ್ಲಾ ಆಯ್ತಮ್ಮ" ಅಂದ್ಲು. ಒಂದು ಹಾಳೆ ಕೊಟ್ಟು 1/2 ಮತ್ತೆ 1/3 ಕೂಡ್ಸು ಅಂದೆ. ಮೇಲಿಂದು ಮೇಲಿಂದಕ್ಕೆ, ಕೆಳಗಿಂದು ಕೆಳಗಿಂದಕ್ಕೆ ಕೂಡ್ಸಿ 2/5 ಅಂತ ಬರೆದ್ಲು. ಅವಳೇನೂ ಸುಳ್ಳು ಹೇಳಿರ್ಲಿಲ್ಲ, ನೋಡ್ತಾ ಇದ್ದಾಗ ನಿಜವಾಗ್ಲೂ ಅರ್ಥ ಆದ ಹಾಗೇ ಅನ್ಸಿತ್ತು, ಚೆನ್ನಾಗಿ ಹೇಳಿಕೊಡೋರು ಲೆಕ್ಕ ಬಿಡಿಸ್ತಾ ಹೋದ್ರೆ ದೊಡ್ಡೋರಿಗೂ ಹಾಗೇ ಅನ್ಸತ್ತೆ, ಪೆನ್ನು ನಮ್ಮ ಕೈಗೆ ಬಂದಾಗ್ಲೇ ಎಲ್ಲಿ ಸಿಕ್ಕಾಕೊಂಡಿದೀವಿ ಅಂತ ಗೊತ್ತಾಗೋದು.

ಆವತ್ತಿಂದ ನಾನು ಹಿಡ್ಕೊಂಡಿರೋ ಮಾತು ಒಂದೇ. ಸ್ಕ್ರೀನ್ ಮುಂದೆ ಎಷ್ಟು ಹೊತ್ತು ಕೂತ್ರು ಅನ್ನೋದು ಲೆಕ್ಕಕ್ಕೆ ಬರಲ್ಲ, ಸ್ಕ್ರೀನ್ ನಿಲ್ಸಿ ಮಗು ತಾನಾಗಿ ಏನು ಹೇಳ್ತು, ಏನು ಬರೀತು, ಏನು ಮಾಡ್ತು ಅನ್ನೋದೇ ಕಲಿಕೆ. ಕೆಳಗೆ ಹೇಳಿರೋದೆಲ್ಲ ಅದನ್ನ ದಿನಾ ಹೇಗೆ ಮಾಡೋದು ಅನ್ನೋದಷ್ಟೇ. ಸ್ಕೂಲಿನ ಲೈವ್ ಕ್ಲಾಸ್ ಇರ್ಲಿ, ರೆಕಾರ್ಡೆಡ್ ವಿಡಿಯೋ ಇರ್ಲಿ, ನೀವೇ ಮನೇಲಿ ಕೂರಿಸ್ಕೊಂಡು ಆ್ಯಪಲ್ಲಿ ಕಲಿಸ್ತಾ ಇರಿ, ಕ್ರಮ ಹೆಚ್ಚುಕಮ್ಮಿ ಇದೇ.

ಮೊದಲು ವಯಸ್ಸು ನೋಡ್ಕೊಳಿ

ಎರಡೂವರೆ ವರ್ಷದೊಳಗಿನ ಮಕ್ಕಳು ಎದುರಿಗಿರೋ ಮನುಷ್ಯರಿಂದ ಕಲಿಯೋಷ್ಟು ವಿಡಿಯೋದಿಂದ ಕಲಿಯಲ್ಲ, ಇದು ತುಂಬಾ ಪ್ರಯೋಗಗಳಲ್ಲಿ ಕಂಡಿರೋ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸೂಚನೆ ಪ್ರಕಾರ ಎರಡು ವರ್ಷ ತುಂಬೋವರೆಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 4 ವರ್ಷದೋರಿಗೆ ದಿನಕ್ಕೆ ಒಂದು ಗಂಟೆ ದಾಟಬಾರ್ದು, ಕಮ್ಮಿ ಆದಷ್ಟು ಒಳ್ಳೇದು. ಹಾಗಾಗಿ ಅಷ್ಟು ಚಿಕ್ಕ ಮಕ್ಕಳಿಗೆ ಆನ್‌ಲೈನ್ ಕೋರ್ಸ್ ಅಂತ ದುಡ್ಡು ಕಟ್ಟೋ ಮುಂಚೆ ಒಂದ್ಸಲ ಯೋಚ್ನೆ ಮಾಡಿ, ಆ ಹೊತ್ತಲ್ಲಿ ನೀವು ಕತೆ ಹೇಳಿದ್ರೆ ಅದಕ್ಕಿಂತ ಜಾಸ್ತಿ ಸಿಗತ್ತೆ.

5ರಿಂದ 8 ವರ್ಷದ ಮಗು ಪಕ್ಕ ಯಾರಾದ್ರೂ ಕೂರಲೇಬೇಕು, ಇದ್ರಲ್ಲಿ ಬೇರೆ ದಾರಿ ಇಲ್ಲ. 9ರಿಂದ 12ರೋರಿಗೆ ಶುರುವಲ್ಲಿ ಐದು ನಿಮಿಷ, ಕೊನೇಲಿ ಹತ್ತು ನಿಮಿಷ ಇದ್ರೆ ಸಾಕು, ಮಧ್ಯ ಕೂಗಿದ್ರೆ ಕೇಳ್ಸೋ ದೂರದಲ್ಲಿರಿ. ಹದಿಮೂರು ದಾಟಿದ್ಮೇಲೆ ಬೆನ್ನ ಹಿಂದೆ ನಿಂತ್ರೆ ಕೆಟ್ಟ ಪರಿಣಾಮವೇ ಜಾಸ್ತಿ, ಅವರ ಜೊತೆ ಕೂತು ವಾರದ ಪ್ಲಾನ್ ಮಾಡಿ, ವಾರದ ಕೊನೇಲಿ ಅವರೇ ತೋರಿಸ್ಲಿ.

ಜಾಗ, ಡಿವೈಸ್, ನೆಟ್

ಟೇಬಲ್ಲು ಕುರ್ಚಿ ಇದ್ರೆ ಒಳ್ಳೇದು, ಇಲ್ಲಾಂದ್ರೂ ಪರ್ವಾಗಿಲ್ಲ, ಆದ್ರೆ ಮಲಗೋ ಹಾಸಿಗೆ ಮೇಲೆ ಮಾತ್ರ ಬೇಡ. ಹಾಸಿಗೆ ಅಂದ್ರೆ ಮೈ ನಿದ್ದೆಗೆ ಜಾರತ್ತೆ, ರಾತ್ರಿ ಅದೇ ಜಾಗದಲ್ಲಿ ನಿದ್ದೆ ಬರೋದೂ ಕಷ್ಟ ಆಗತ್ತೆ. ಕಾಲು ನೆಲಕ್ಕೆ ತಾಗ್ಬೇಕು, ತಾಗ್ಲಿಲ್ಲಾಂದ್ರೆ ಕೆಳಗೆ ಒಂದು ಗಟ್ಟಿ ಡಬ್ಬ ಇಡಿ. ಸ್ಕ್ರೀನ್ ಒಂದು ತೋಳು ಉದ್ದ ದೂರ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಜೋಡಿಸಿದ್ರೂ ಈ ಕೆಲ್ಸ ಆಗತ್ತೆ. ಕಿಟಕಿ ಬೆನ್ನ ಹಿಂದೆ ಇದ್ರೆ ಕ್ಯಾಮೆರಾದಲ್ಲಿ ಮಗು ಮುಖ ಕಪ್ಪಗೆ ಕಾಣತ್ತೆ, ಟೀಚರಿಗೆ ಮಗು ಗೊಂದಲದಲ್ಲಿದೆ ಅಂತ ಗೊತ್ತೇ ಆಗಲ್ಲ, ಕಿಟಕಿ ಪಕ್ಕಕ್ಕೆ ಬರೋ ಹಾಗೆ ಕೂರಿಸಿ.

ಫೋನ್ ಒಂದೇ ಇದ್ರೆ ಫೋನೇ ಸಾಕು, ಆದ್ರೆ ಕೈಲಿ ಹಿಡ್ಕೊಂಡು ನೋಡೋದು ಬೇಡ. ಕೈಲಿ ಫೋನ್ ಇದ್ರೆ ಪೆನ್ನು ಹಿಡಿಯೋಕೆ ಕೈ ಎಲ್ಲಿದೆ? ಸ್ಟ್ಯಾಂಡಿಗೆ ಹಾಕಿ, ಇಲ್ಲ ಏನಕ್ಕಾದ್ರೂ ಒರಗಿಸಿ ನಿಲ್ಸಿ, ಅಡ್ಡಡ್ಡ ತಿರುಗಿಸಿ. ಕ್ಲಾಸ್ ಹೊತ್ತಿಗೆ ಡು ನಾಟ್ ಡಿಸ್ಟರ್ಬ್ ಹಾಕ್ಬಿಡಿ, ಯೂಟ್ಯೂಬಲ್ಲಿ ಆಟೋಪ್ಲೇ ಆಫ್ ಮಾಡಿ. ಈ ಆಟೋಪ್ಲೇ ಅನ್ನೋದು ನಮ್ಮನೇಲಿ ಎಷ್ಟೋ ಸಂಜೆಗಳನ್ನ ನುಂಗಿದೆ, ಪಾಠ ಮುಗಿದ ಮೂರನೇ ಸೆಕೆಂಡಿಗೆ ಇನ್ನೊಂದು ವಿಡಿಯೋ ಶುರುವಾದ್ರೆ ಈಗ ಕೇಳಿದ್ದನ್ನ ಯೋಚಿಸೋಕೆ ಮಗುಗೆ ಟೈಮೇ ಸಿಗಲ್ಲ. ಹೆಡ್‌ಫೋನ್ ವಾಲ್ಯೂಮ್ ಪೂರ್ತಿಯ 60% ಒಳಗೆ ಇರ್ಲಿ.

ಝೂಮ್, ಗೂಗಲ್ ಮೀಟ್ ಥರದ ಲೈವ್ ಕ್ಲಾಸಲ್ಲಿ ಮಗು ತನ್ನ ಮುಖವನ್ನೇ ನೋಡ್ತಾ ಕೂದಲು ಸರಿ ಮಾಡ್ಕೊಳ್ತಾ ಕೂರೋದು ಎಲ್ಲರ ಮನೇಲೂ ಇರೋದೇ. ಸೆಟ್ಟಿಂಗಲ್ಲಿ ತನ್ನ ವಿಡಿಯೋ ತನಗೆ ಕಾಣದ ಹಾಗೆ ಮಾಡೋ ಆಪ್ಷನ್ ಇರತ್ತೆ, ಅದನ್ನ ಹಾಕಿ, ಉಳಿದೋರಿಗೆ ಕಾಣತ್ತೆ, ಇವರಿಗೆ ಮಾತ್ರ ಕಾಣಲ್ಲ. ನೆಟ್ ಕೈ ಕೊಡ್ತಾ ಇದ್ರೆ ಮೊದಲು ಮಗುವಿನ ವಿಡಿಯೋ ಆಫ್ ಮಾಡಿ, ಧ್ವನಿಗೆ ಬೇಕಾಗೋ ಡೇಟಾ ವಿಡಿಯೋಗಿಂತ ಎಷ್ಟೋ ಪಟ್ಟು ಕಮ್ಮಿ. ವೈಫೈ ರೂಟರಲ್ಲಿ ಎರಡು ಹೆಸರು ಕಾಣ್ತಿದ್ರೆ ಗೋಡೆ ಆಚೆ ಕೂತಾಗ 2.4 ಗಿಗಾಹರ್ಟ್ಸ್, ರೂಟರ್ ಹತ್ರಾನೇ ಕೂತಾಗ 5 ಗಿಗಾಹರ್ಟ್ಸ್ ಹಿಡೀರಿ.

ಟೈಮ್‌ಟೇಬಲ್

ಇದನ್ನ ಜಾಸ್ತಿ ಬೆಳ್ಸೋಕೆ ಹೋಗಲ್ಲ. ಬಣ್ಣ ಬಣ್ಣದ ಟೈಮ್‌ಟೇಬಲ್ ಗೋಡೆಗೆ ಅಂಟಿಸಿ ನಾಲ್ಕನೇ ದಿನಕ್ಕೆ ಮರೆಯೋದಕ್ಕಿಂತ ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಕೂರೋದು ಮುಖ್ಯ. ಕಷ್ಟದ ವಿಷಯ ಮೊದಲು, ತಲೆ ಫ್ರೆಶ್ ಇದ್ದಾಗ. ಚಿಕ್ಕೋರಿಗೆ 15 ನಿಮಿಷ ಕೂತ್ರೆ 5 ನಿಮಿಷ ಎದ್ದು ಓಡಾಡ್ಲಿ, ದೊಡ್ಡೋರಿಗೆ 25ಕ್ಕೆ 5. ಆ 5 ನಿಮಿಷದ ಬ್ರೇಕಲ್ಲಿ ಗೇಮೋ ರೀಲ್ಸೋ ನೋಡಿದ್ರೆ ಅದು ಬ್ರೇಕ್ ಅಲ್ಲ, ಕಣ್ಣಿಗೂ ಇಲ್ಲ ತಲೆಗೂ ಇಲ್ಲ.

ಪಾಠ ಶುರು ಆಗೋ ಮುಂಚೆ ಐದು ನಿಮಿಷ

ವಿಡಿಯೋ ಹಾಕೋ ಮುಂಚೆ ಆ ಪಾಠದ ಬಗ್ಗೆ ಒಂದು ಪ್ರಶ್ನೆ ಕೇಳಿ, ಉತ್ತರ ಗೊತ್ತಿರ್ಬೇಕು ಅಂತೇನಿಲ್ಲ. ಗಿಡ ಹೇಗೆ ಆಹಾರ ಮಾಡ್ಕೊಳತ್ತೆ ಅನ್ನೋ ಪಾಠ ಇದ್ರೆ "ಅಷ್ಟು ದೊಡ್ಡ ಮರ ಆಗೋಕೆ ಬೇಕಾದ ತೂಕ ಎಲ್ಲಿಂದ ಬರತ್ತೆ, ಮಣ್ಣಿಂದಾನಾ ನೀರಿಂದಾನಾ ಗಾಳಿಯಿಂದಾನಾ" ಅಂತ ಕೇಳಿ, ಅವರ ಊಹೆ ಒಂದು ಚೀಟೀಲಿ ಬರ್ಸಿ. ಬಹಳಷ್ಟು ಮಕ್ಕಳು ಮಣ್ಣು ಅಂತಾರೆ, ಒಣಗಿದ ಮರದ ತೂಕದ ಬಹುಪಾಲು ಬಂದಿರೋದು ಗಾಳೀಲಿರೋ ಕಾರ್ಬನ್ ಡೈಆಕ್ಸೈಡಿಂದ ಅಂತ ಪಾಠದಲ್ಲಿ ಬಂದಾಗ ಕಣ್ಣು ಅಗಲ ಆಗತ್ತೆ ನೋಡಿ. ತಪ್ಪು ಊಹೆ ಬರೆದ ಮಗು ಉತ್ತರಕ್ಕೆ ಕಾಯ್ತಾ ನೋಡತ್ತೆ, ಏನೂ ಊಹೆ ಮಾಡದ ಮಗು ಸುಮ್ಮನೆ ನೋಡತ್ತೆ. ಇದಕ್ಕೋಸ್ಕರ ನೀವು ಮೊದಲೇ ವಿಡಿಯೋ ಎರಡು ನಿಮಿಷ ಓಡಿಸಿ ನೋಡಿರ್ಬೇಕು, ಅಷ್ಟು ಕೆಲ್ಸ ನಮ್ಮದು.

ವಿಡಿಯೋ ನಡೀತಾ ಇರೋವಾಗ: ನಿಲ್ಸೋದನ್ನ ಕಲೀರಿ

ಇಡೀ ಲೇಖನದಲ್ಲಿ ಒಂದೇ ಒಂದು ಮಾಡ್ತೀನಿ ಅಂದ್ರೆ ಇದನ್ನ ಮಾಡಿ. 2014ರಲ್ಲಿ ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕೋರ್ಸ್ ಜಾಲದಲ್ಲಿ ಜನ ವಿಡಿಯೋ ನೋಡಿದ 69 ಲಕ್ಷ ಸಲದ ದಾಖಲೆ ತೆಗೆದು ನೋಡಿದ್ರು. ವಿಡಿಯೋ ಎಷ್ಟೇ ಉದ್ದ ಇರ್ಲಿ, ಸಾಮಾನ್ಯವಾಗಿ ಜನ ನೋಡ್ತಾ ಇದ್ದಿದ್ದು ಹೆಚ್ಚಂದ್ರೆ 6 ನಿಮಿಷ. ಅದು ತಾವಾಗೇ ಕೋರ್ಸಿಗೆ ಸೇರಿದ ಜನ, ಅದ್ರಲ್ಲಿ ದೊಡ್ಡೋರೇ ಜಾಸ್ತಿ. ಮಗು ನಲವತ್ತು ನಿಮಿಷ ಒಂದೇ ಸಮ ಗಮನ ಕೊಡ್ಲಿ ಅಂತ ನಾವು ಬೈದ್ರೆ ಅದು ಎಷ್ಟು ಸರಿ ಹೇಳಿ.

ಇನ್ನೊಂದು ಕಾರಣ ಇದೆ. ಹೊಸ ವಿಷಯ ಮೊದಲು ನಿಲ್ಲೋ ಜಾಗ ತಲೇಲಿ ತುಂಬಾ ಚಿಕ್ಕದು. ಜಾರ್ಜ್ ಮಿಲ್ಲರ್ ಅನ್ನೋ ಮನಃಶಾಸ್ತ್ರಜ್ಞ 1956ರಲ್ಲಿ ಒಂದ್ಸಲಕ್ಕೆ ಏಳು ವಿಷಯ, ಎರಡು ಹೆಚ್ಚುಕಮ್ಮಿ ಅಂದಿದ್ರು, ಆಮೇಲಿನೋರು ಅದು ನಾಲ್ಕರ ಆಸುಪಾಸು ಅಂದ್ರು. ವಿಡಿಯೋ ಮಾತ್ರ ನಮಗೋಸ್ಕರ ಕಾಯಲ್ಲ, ಐದನೇ ವಿಷಯ ಬಂದಾಗ ಮೊದಲನೇದು ಸದ್ದಿಲ್ದೆ ಜಾರಿ ಹೋಗಿರತ್ತೆ.

ಹಾಗಾಗಿ ರೆಕಾರ್ಡೆಡ್ ವಿಡಿಯೋನ ಐದಾರು ನಿಮಿಷಕ್ಕೆ ಒಂದ್ಸಲ, ಒಂದು ವಿಷಯ ಮುಗಿಯೋ ಜಾಗ ನೋಡಿ ನಿಲ್ಸಿ. ನಿಲ್ಸಿ "ಅರ್ಥ ಆಯ್ತಾ" ಅಂತ ಕೇಳ್ಬೇಡಿ, ಆ ಪ್ರಶ್ನೆಗೆ ಹೂಂ ಬಿಟ್ಟು ಬೇರೆ ಉತ್ತರ ಬರಲ್ಲ. ಬದಲಿಗೆ ಈ ಥರ ಕೇಳಿ: ಈಗ ಅವರು ಏನು ಮಾಡಿದ್ರು, ನಿನ್ನ ಮಾತಲ್ಲಿ ಹೇಳು. ಇಲ್ಲಿ ಯಾಕೆ ಆರರಿಂದ ಗುಣಿಸಿದ್ರು, ಐದರಿಂದ ಯಾಕೆ ಗುಣಿಸ್ಲಿಲ್ಲ? ಮುಂದೆ ಏನು ಮಾಡ್ತಾರೆ ಅನ್ಸತ್ತೆ? ಈ ಮೂರನೇದು ನನಗೆ ತುಂಬಾ ಇಷ್ಟ, ಲೆಕ್ಕದ ವಿಡಿಯೋದಲ್ಲಿ ಪ್ರಶ್ನೆ ಸ್ಕ್ರೀನಿಗೆ ಬಂದ ತಕ್ಷಣ ನಿಲ್ಸಿ ಮಗುನೇ ಮೊದಲು ಪ್ರಯತ್ನ ಮಾಡ್ಲಿ, ಆಮೇಲೆ ಪ್ಲೇ ಒತ್ತಿ ತನ್ನ ದಾರಿಗೂ ಮೇಷ್ಟ್ರ ದಾರಿಗೂ ಎಲ್ಲಿ ವ್ಯತ್ಯಾಸ ಆಯ್ತು ಅಂತ ನೋಡ್ಲಿ.

ಕೇಳಿದ್ಮೇಲೆ ಸುಮ್ಮನಿರಿ. ನಿಜ ಹೇಳ್ತೀನಿ, ಇದು ತುಂಬಾ ಕಷ್ಟ, ಮಗು ಎರಡು ಸೆಕೆಂಡ್ ತಡವರಿಸಿದ್ರೆ ಸಾಕು ನಮ್ಮ ಬಾಯಿಂದ ಉತ್ತರ ಬಂದ್ಬಿಡತ್ತೆ. ಮನಸ್ಸಲ್ಲೇ ಹತ್ತರವರೆಗೆ ಎಣಿಸಿ. ಆಗ್ಲೂ ಬರ್ಲಿಲ್ಲಾಂದ್ರೆ ಉತ್ತರ ಹೇಳ್ಬೇಡಿ, ಒಂದು ಸಣ್ಣ ಸುಳಿವು ಕೊಡಿ, ಆಗ್ಲೂ ಆಗ್ಲಿಲ್ಲಾಂದ್ರೆ ವಿಡಿಯೋ ಒಂದು ನಿಮಿಷ ಹಿಂದಕ್ಕೆ ಹೋಗ್ಲಿ. ಮನೆ ಕಟ್ಟೋವಾಗ ಸಾರುವೆ ಹಾಕ್ತಾರಲ್ಲ, ಗೋಡೆ ಏರಿದ ಹಾಗೆ ಅದನ್ನ ಬಿಚ್ಚಿಬಿಡ್ತಾರೆ, ನಮ್ಮ ಸಹಾಯಾನೂ ಹಾಗೇ ಇರ್ಬೇಕು, ಮೊದಲ ಲೆಕ್ಕಕ್ಕೆ ಪೂರ್ತಿ ಜೊತೆ, ಎರಡನೇದಕ್ಕೆ ಅರ್ಧ, ಮೂರನೇದಕ್ಕೆ ಬರೀ ಪಕ್ಕದಲ್ಲಿ ಕೂತಿರೋದು.

1.5 ಸ್ಪೀಡಲ್ಲಿ ಹಾಕೋದು ರಿವಿಷನ್ನಿಗೆ ಸರಿ, ಹೊಸ ಪಾಠಕ್ಕೆ ಬೇಡ.

ಲೈವ್ ಕ್ಲಾಸಲ್ಲಿ ನಿಲ್ಸೋಕಾಗಲ್ಲ, ಅಲ್ಲಿಗೆ ನಾನು ಬೇರೆ ಉಪಾಯ ಮಾಡಿದೀನಿ. ಹಾಳೆಯ ಮಧ್ಯ ಒಂದು ಗೆರೆ, ಎಡಕ್ಕೆ ಗೊತ್ತಾಗಿದ್ದು ಒಂದೊಂದು ಸಾಲು, ಬಲಕ್ಕೆ ಗೊತ್ತಾಗದ್ದು ಬರೀ ಒಂದು ಪದ ಮತ್ತೆ ಪ್ರಶ್ನಾರ್ಥಕ ಚಿಹ್ನೆ. ಕ್ಲಾಸ್ ಮುಗಿಯೋ ಮುಂಚೆ ಬಲಗಡೆಯ ಒಂದಾದ್ರೂ ಪ್ರಶ್ನೇನ ಚಾಟಲ್ಲೋ ಕೈ ಎತ್ತಿಯೋ ಕೇಳ್ಬೇಕು. ಮಾತಾಡೋಕೆ ನಾಚ್ಕೊಳ್ಳೋ ಮಕ್ಕಳು ಚಾಟಲ್ಲಿ ಧೈರ್ಯವಾಗಿ ಕೇಳ್ತಾರೆ, ಆನ್‌ಲೈನಲ್ಲಿ ನನಗೆ ನಿಜವಾಗ್ಲೂ ಒಳ್ಳೇದು ಅನ್ಸಿದ ವಿಷಯಗಳಲ್ಲಿ ಇದೂ ಒಂದು. ಮತ್ತೆ ದಯವಿಟ್ಟು, ಟೀಚರ್ ಮಗುನ ಪ್ರಶ್ನೆ ಕೇಳಿದಾಗ ಕ್ಯಾಮೆರಾ ಪಕ್ಕದಿಂದ ಉತ್ತರ ಪಿಸುಗುಟ್ಟಬೇಡಿ. ಮಗುಗೆ ಏನು ಬರಲ್ಲ ಅಂತ ಟೀಚರಿಗೆ ಗೊತ್ತಾಗೋ ದಾರಿ ಅದೊಂದೇ, ಅದನ್ನೂ ನಾವೇ ಮುಚ್ಚಿದ್ರೆ ಮಗುಗೆ ಸಹಾಯ ಎಲ್ಲಿಂದ ಬರ್ಬೇಕು?

ಮುಗಿದ್ಮೇಲೆ ಖಾಲಿ ಹಾಳೆ

ಸ್ಕ್ರೀನ್ ಆಫ್. ಪುಸ್ತಕ ಮುಚ್ಚಿ. ಖಾಲಿ ಹಾಳೆ ಮೇಲೆ ಐದು ನಿಮಿಷ, ನೆನಪಿರೋದೆಲ್ಲ ಬರೀಲಿ, ಚಿತ್ರ ಆದ್ರೂ ಸರಿ, ಅರ್ಧಂಬರ್ಧ ವಾಕ್ಯ ಆದ್ರೂ ಸರಿ. ಬರೆಯೋಕೆ ಬಾರದ ಚಿಕ್ಕೋರು ಬಾಯಲ್ಲಿ ಹೇಳ್ಲಿ. ಆಮೇಲೆ ಪುಸ್ತಕ ತೆಗೆದು ಬಿಟ್ಟುಹೋಗಿದ್ದನ್ನ ಬೇರೆ ಬಣ್ಣದ ಪೆನ್ನಲ್ಲಿ ಸೇರಿಸ್ಲಿ.

ಮತ್ತೆ ಮತ್ತೆ ಓದೋದೇ ಒಳ್ಳೇದಲ್ವಾ ಅಂತ ನನ್ನ ಅಣ್ಣ ಕೇಳ್ತಿದ್ದ, ನಾವೆಲ್ಲ ಹಾಗೇ ಓದಿ ಬಂದೋರು. ರೋಡಿಗರ್ ಮತ್ತೆ ಕಾರ್ಪಿಕಿ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಕಾಲೇಜ್ ವಿದ್ಯಾರ್ಥಿಗಳ ಮೇಲೆ ಪರೀಕ್ಷೆ ಮಾಡಿದ್ರು. ಒಂದು ಗುಂಪು ಪಾಠ ಎರಡು ಸಲ ಓದ್ತು, ಇನ್ನೊಂದು ಒಂದ್ಸಲ ಓದಿ ನೋಡ್ದೆ ನೆನಪಿಸ್ಕೊಂಡು ಬರೀತು. ಐದು ನಿಮಿಷ ಬಿಟ್ಟು ಕೇಳಿದ್ರೆ ಎರಡು ಸಲ ಓದಿದೋರು 81%, ಬರೆದೋರು 75%, ಅಂದ್ರೆ ಓದಿದೋರೇ ಮುಂದೆ. ಒಂದು ವಾರ ಬಿಟ್ಟು ಕೇಳಿದ್ರೆ ಓದಿದೋರು 42%ಗೆ ಇಳಿದಿದ್ರು, ಬರೆದೋರು 56%. ಈ ಅಂಕಿ ನನಗೆ ಮುಖ್ಯ ಯಾಕಂದ್ರೆ ನಾವು ಮೋಸ ಹೋಗೋದು ಆ ಐದು ನಿಮಿಷದಲ್ಲೇ, ಓದಿದ ತಕ್ಷಣ ಮಗು ಪಟಪಟ ಹೇಳ್ಬಿಡತ್ತೆ, ನಾವು ಖುಷಿಯಾಗಿ ಎದ್ದು ಹೋಗ್ತೀವಿ, ಮುಂದಿನ ವಾರ ಕೇಳಿದ್ರೆ ಮುಖ ಮುಖ ನೋಡತ್ತೆ.

ಖಾಲಿ ಹಾಳೆ ಮುಂದೆ ಮೊದಮೊದಲು ಮಕ್ಕಳು ಒದ್ದಾಡ್ತಾರೆ, ನನಗೇನೂ ನೆನಪಿಲ್ಲ ಅಂತ ಅಳೋದೂ ಉಂಟು. ಹಾಗಾದ್ರೆ ಮೂರು ಪದದಿಂದ ಶುರು ಮಾಡಿ, ಮೂರೇ ಪದ ಬರಿ ಸಾಕು ಅನ್ನಿ. ಆ ಹಾಳೆಗೆ ಮಾರ್ಕ್ಸ್ ಹಾಕ್ಬೇಡಿ, ಯಾರಿಗೂ ತೋರಿಸ್ಬೇಡಿ.

ನಾಳೆ, ಮೂರು ದಿನ, ಒಂದು ವಾರ

ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನ ತಾನೇ ಬಾಯಿಪಾಠ ಮಾಡಿ ಎಷ್ಟು ಬೇಗ ಮರೆಯುತ್ತೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ್ರು. ಮರೆವು ಮೊದಲ ಒಂದು ದಿನದಲ್ಲೇ ಜೋರಾಗಿ ಬಂದು ಆಮೇಲೆ ನಿಧಾನ ಆಗತ್ತೆ. ಹಾಗಾಗಿ ಪರೀಕ್ಷೆ ಹಿಂದಿನ ದಿನ ಮೂರು ಗಂಟೆ ಕೂರಿಸೋದಕ್ಕಿಂತ ದಿನಾ ಹತ್ತು ನಿಮಿಷ ಹಳೇದು ಕೇಳೋದು ಮೇಲು.

ಇದಕ್ಕೆ ರಟ್ಟಿನ ಡಬ್ಬ ಸಾಕು. ಸೆಬಾಸ್ಟಿಯನ್ ಲೈಟ್ನರ್ ಅನ್ನೋರು 1970ರ ದಶಕದಲ್ಲಿ ಜನಪ್ರಿಯ ಮಾಡಿದ ವಿಧಾನ. ಡಬ್ಬದಲ್ಲಿ ಮೂರು ಖಾನೆ ಮಾಡಿ. ಚೀಟಿಯ ಒಂದು ಕಡೆ ಪ್ರಶ್ನೆ, ಹಿಂದುಗಡೆ ಉತ್ತರ, ಬರೆಯೋದು ಮಗುನೇ. ಹೊಸ ಚೀಟಿ ಎಲ್ಲಾ ಮೊದಲ ಖಾನೇಲಿ, ಅದನ್ನ ದಿನಾ ಕೇಳ್ಬೇಕು. ಸರಿ ಹೇಳಿದ್ರೆ ಎರಡನೇ ಖಾನೆಗೆ ಹೋಗತ್ತೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿ ಆದ್ರೆ ಮೂರನೇದಕ್ಕೆ, ವಾರಕ್ಕೊಮ್ಮೆ. ತಪ್ಪಿದ್ರೆ ಯಾವ ಖಾನೇಲಿದ್ರೂ ವಾಪಸ್ ಮೊದಲನೇದಕ್ಕೆ. ದಿನಕ್ಕೆ ಐದಾರು ಹೊಸ ಚೀಟಿಗಿಂತ ಜಾಸ್ತಿ ಹಾಕ್ಬೇಡಿ, ಇಲ್ಲಾಂದ್ರೆ ಎರಡೇ ವಾರದಲ್ಲಿ ಮೊದಲ ಖಾನೆ ತುಂಬಿ ಯಾರಿಗೂ ಅದನ್ನ ಮುಟ್ಟೋಕೆ ಮನಸ್ಸಾಗಲ್ಲ. ಆ್ಯಪ್ ಬೇಕಾದೋರಿಗೆ ಆ್ಯಂಕಿ ಇದೆ, ಹತ್ತು ವರ್ಷದ ಒಳಗಿನೋರಿಗೆ ಕೈಲಿ ಮುಟ್ಟೋ ಚೀಟಿನೇ ಚೆನ್ನ.

ವಿಷಯ ನೋಡಿ ವಿಧಾನ

ಗಣಿತದಲ್ಲಿ ಬಿಡಿಸಿರೋ ಲೆಕ್ಕ ಒಂದು ನೋಡೋದು, ಅದೇ ಥರದ್ದು ಒಂದು ತಾನು ಮಾಡೋದು, ಹೀಗೆ ಜೋಡಿ ಜೋಡಿಯಾಗಿ ಶುರು ಮಾಡಿ. ಕೈ ಕೂತ ಮೇಲೆ ಬೇರೆ ಬೇರೆ ಥರದ ಲೆಕ್ಕ ಕಲಸಿ ಕೊಡಿ. ಒಂದೇ ಥರದ ಇಪ್ಪತ್ತು ಲೆಕ್ಕ ಸಾಲಾಗಿ ಮಾಡಿದ್ರೆ ಎರಡನೇದರಿಂದ ಮಗು ಪ್ರಶ್ನೆ ಓದೋದೇ ಬಿಡತ್ತೆ, ಯಾವ ವಿಧಾನ ಅಂತ ಮೊದಲೇ ಗೊತ್ತಿರತ್ತಲ್ಲ. ಪರೀಕ್ಷೆಯಲ್ಲಿ ಬೇಕಾಗೋದು ಯಾವ ವಿಧಾನ ಅಂತ ಗುರುತು ಹಿಡಿಯೋದೇ. ನನ್ನ ಮಗಳ ಭಿನ್ನರಾಶಿ ಸರಿ ಹೋಗಿದ್ದು ವಿಡಿಯೋದಿಂದ ಅಲ್ಲ, ಒಂದೇ ಉದ್ದದ ಮೂರು ಕಾಗದದ ಪಟ್ಟಿಯಿಂದ. ಒಂದನ್ನ ಅರ್ಧ ಮಡಚಿದ್ವಿ, ಒಂದನ್ನ ಮೂರು ಭಾಗ, ಒಂದನ್ನ ಐದು ಭಾಗ. "ಅರ್ಧಕ್ಕೆ ಇನ್ನಷ್ಟು ಸೇರ್ಸಿದ್ರೆ ಅರ್ಧಕ್ಕಿಂತ ಚಿಕ್ಕದು ಹೇಗಮ್ಮ ಆಗತ್ತೆ" ಅಂತ ಅವಳೇ ಕೇಳಿದ್ಲು, 2/5 ಅನ್ನೋದು ಅರ್ಧದ ಪಟ್ಟಿಗಿಂತ ಗಿಡ್ಡ ಇತ್ತು. ಅದಾದ ಮೇಲೆ ಅದೇ ವಿಡಿಯೋ ಇನ್ನೊಂದ್ಸಲ ನೋಡಿದ್ಲು, ಛೇದ ಯಾಕೆ ಸಮ ಮಾಡ್ತಾರೆ ಅನ್ನೋದು ಆಗ ಅವಳಿಗೆ ಬೇಕಾಗಿತ್ತು.

ವಿಜ್ಞಾನಕ್ಕೆ ಫೆಟ್ (PhET) ಅನ್ನೋ ಸಿಮ್ಯುಲೇಷನ್‌ಗಳು, ಅಂದ್ರೆ ಸ್ಕ್ರೀನ್ ಮೇಲೇ ಮಾಡಿ ನೋಡೋ ಪ್ರಯೋಗಗಳು, ಉಚಿತವಾಗಿವೆ, ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ವೈರು, ಬಲ್ಬು, ಬ್ಯಾಟರಿ ಜೋಡಿಸಿ ಕರೆಂಟ್ ಹರಿಯೋದನ್ನ ನೋಡ್ಬಹುದು. ಮಗುಗೆ ಸುಮ್ಮನೆ ಆಡೋಕೆ ಬಿಡ್ಬೇಡಿ, ಇನ್ನೊಂದು ಬಲ್ಬ್ ಸಾಲಲ್ಲಿ ಸೇರಿಸಿದ್ರೆ ಬೆಳಕು ಜಾಸ್ತಿನಾ ಕಮ್ಮಿನಾ ಅಂತ ಮೊದಲು ಹೇಳ್ಸಿ, ಆಮೇಲೆ ಜೋಡಿಸ್ಲಿ. ರೇಖಾಗಣಿತಕ್ಕೆ ಜಿಯೋಜೀಬ್ರಾ ಇದೇ ಥರ. ಕೋಡಿಂಗಿಗೆ 8 ವರ್ಷ ದಾಟಿದೋರಿಗೆ ಎಂಐಟಿಯ ಸ್ಕ್ರ್ಯಾಚ್, ಅದೂ ಉಚಿತ, ವಿಡಿಯೋದಲ್ಲಿರೋ ಆಟ ಹಾಗೇ ನಕಲು ಮಾಡಿದ್ಮೇಲೆ ಒಂದಾದ್ರೂ ನಿಯಮ ಬದಲಾಯಿಸಿ ತನ್ನದು ಮಾಡ್ಕೊಳ್ಬೇಕು.

ಭಾಷೆಗೆ ಸ್ಕ್ರೀನ್ ಅಷ್ಟು ಬೇಕಾಗೇ ಇಲ್ಲ. ಜೋರಾಗಿ ಓದ್ಲಿ, ಫೋನಲ್ಲಿ ರೆಕಾರ್ಡ್ ಮಾಡಿ ತಾನೇ ಕೇಳ್ಲಿ, ತಪ್ಪು ತಾನೇ ಹಿಡೀಲಿ. ದೂರದಲ್ಲಿರೋ ಅಜ್ಜಿಗೋ ತಾತಂಗೋ ವಿಡಿಯೋ ಕಾಲಲ್ಲಿ ದಿನಾ ಒಂದು ಪುಟ ಓದಿ ಹೇಳಿದ್ರೆ ಅದಕ್ಕಿಂತ ಒಳ್ಳೆ ಆನ್‌ಲೈನ್ ಕ್ಲಾಸ್ ಇಲ್ಲ ಅಂತ ನನ್ನ ನಂಬಿಕೆ.

ನನ್ನ ಮಗು ನೋಡಿ ಕಲಿಯೋ ಟೈಪು, ಕೇಳಿ ಕಲಿಯೋ ಟೈಪಲ್ಲ ಅಂತ ತುಂಬಾ ಜನ ಹೇಳ್ತಾರೆ, ಅದನ್ನೇ ಹೇಳಿ ಕೋರ್ಸ್ ಮಾರೋರೂ ಇದಾರೆ. 2008ರಲ್ಲಿ ಪ್ಯಾಷ್ಲರ್ ಅನ್ನೋ ಮನಃಶಾಸ್ತ್ರಜ್ಞ ಮತ್ತೆ ಜೊತೆಗಾರರು ಅಧ್ಯಯನಗಳನ್ನೆಲ್ಲ ಜಾಲಾಡಿ, ಮಗುವಿನ ಟೈಪ್ ನೋಡಿ ಪಾಠ ಬದಲಾಯಿಸಿದ್ರೆ ಜಾಸ್ತಿ ಕಲೀತಾರೆ ಅನ್ನೋದಕ್ಕೆ ಸಾಕಷ್ಟು ಆಧಾರ ಇಲ್ಲ ಅಂದ್ರು. ಮಗುವಿನ ಟೈಪ್ ಅಲ್ಲ, ಪಾಠ ಏನು ಕೇಳತ್ತೆ ಅಂತ ನೋಡಿ, ನಕ್ಷೆ ಪಾಠಕ್ಕೆ ಎಲ್ಲರೂ ನೋಡ್ಲೇಬೇಕು, ಉಚ್ಚಾರಕ್ಕೆ ಎಲ್ಲರೂ ಕೇಳ್ಲೇಬೇಕು.

ಎಐ ಚಾಟ್‌ಬಾಟ್ ಬಗ್ಗೆ ಒಂದು ಮಾತು. ಹೋಮ್‌ವರ್ಕ್ ಫೋಟೋ ತೆಗೆದು ಹಾಕಿದ್ರೆ ಉತ್ತರ ಬಂದ್ಬಿಡತ್ತೆ, ಮಕ್ಕಳಿಗೆ ಇದು ನಮಗಿಂತ ಮೊದಲೇ ಗೊತ್ತು. ಪೂರ್ತಿ ಬೇಡ ಅಂದ್ರೆ ಕದ್ದು ಮಾಡ್ತಾರೆ. ನಮ್ಮನೆ ನಿಯಮ: ಮೊದಲು ಸ್ವಂತ ಪ್ರಯತ್ನ ಹಾಳೆ ಮೇಲೆ ಇರ್ಬೇಕು, ಆಮೇಲೆ ನಾವೂ ಜೊತೆಗಿದ್ದಾಗ "ಉತ್ತರ ಹೇಳ್ಬೇಡ, ನಾನು ಎಲ್ಲಿ ತಪ್ಪಿದೀನಿ ಅಂತ ಸುಳಿವು ಕೊಡು" ಅಂತ ಕೇಳ್ಬಹುದು. ಅದು ತಪ್ಪನ್ನೂ ಗಟ್ಟಿ ದನೀಲಿ ಹೇಳತ್ತೆ, ಹಾಗಾಗಿ ಪುಸ್ತಕದಲ್ಲಿ ತಾಳೆ ನೋಡೋದು ಕಡ್ಡಾಯ.

ಬೇಡ ಅಂತ ಹಟ ಹಿಡಿದಾಗ

ಹಟದ ಹಿಂದೆ ಸಾಮಾನ್ಯವಾಗಿ ಮೂರರಲ್ಲಿ ಒಂದಿರತ್ತೆ, ಸುಸ್ತು, ಪಾಠ ತೀರಾ ಕಷ್ಟ, ಇಲ್ಲ ತೀರಾ ಸುಲಭ. ಸುಸ್ತಾದ್ರೆ ನಿಲ್ಸಿಬಿಡಿ, ಒಂದು ದಿನ ಬಿಟ್ರೆ ಏನೂ ಆಗಲ್ಲ. ಕಷ್ಟ ಆಗಿದ್ರೆ ಹಿಂದಿನ ವರ್ಷದ ಅದೇ ಪಾಠಕ್ಕೆ ಹೋಗಿ, ಬೀಜಗಣಿತದಲ್ಲಿ ಅಳೋ ಮಗುಗೆ ಎಷ್ಟೋ ಸಲ ಬರದೇ ಇರೋದು ಋಣ ಸಂಖ್ಯೆ ಕಳೆಯೋದು. ಖಾನ್ ಅಕಾಡೆಮಿ ಥರದ ಆನ್‌ಲೈನ್ ಪಾಠದ ಜಾಗದಲ್ಲಿ ಹಿಂದಿನ ಕ್ಲಾಸಿಗೆ ಹೋಗೋದು ಸುಲಭ, ತರಗತಿ ಮಧ್ಯ ಕೂತ ಮಗುಗೆ ಸಿಗದ ಅನುಕೂಲ ಇದು, ನಾಚಿಕೆ ಇಲ್ಲದೆ ಬಳಸ್ಕೊಳಿ.

ಹೊಗಳೋದ್ರಲ್ಲೂ ಹುಷಾರು. 1998ರಲ್ಲಿ ಮ್ಯುಲ್ಲರ್ ಮತ್ತೆ ಡ್ವೆಕ್ ಅನ್ನೋ ಮನಃಶಾಸ್ತ್ರಜ್ಞರು ಐದನೇ ತರಗತಿ ಮಕ್ಕಳ ಜೊತೆ ಮಾಡಿದ ಪ್ರಯೋಗಗಳಲ್ಲಿ "ನೀನು ಬುದ್ಧಿವಂತ" ಅಂತ ಹೊಗಳಿಸ್ಕೊಂಡೋರು ಆಮೇಲೆ ಸುಲಭದ ಲೆಕ್ಕಾನೇ ಆರಿಸ್ಕೊಂಡ್ರು, ಸೋತಾಗ ಬೇಗ ಕೈಬಿಟ್ರು, ಪ್ರಯತ್ನ ಹೊಗಳಿಸ್ಕೊಂಡೋರು ಕಷ್ಟದ್ದಕ್ಕೆ ಕೈ ಹಾಕಿದ್ರು. ಅದಕ್ಕೆ ನಾನು ಮಾಡಿದ್ದನ್ನೇ ಹೆಸರಿಟ್ಟು ಹೇಳ್ತೀನಿ, "ಎರಡು ಸಲ ತಪ್ಪಿದ್ರೂ ಮೂರನೇ ಸಲ ಬೇರೆ ದಾರಿ ಹಿಡಿದೆ ಅಲ್ವಾ, ಅದು ನನಗೆ ಇಷ್ಟ ಆಯ್ತು" ಅಂತ.

ಕಣ್ಣು, ನಿದ್ದೆ, ಬಯಲು

20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡೋದು ಕಣ್ಣಿನ ಡಾಕ್ಟರುಗಳು ಹೇಳೋ ಅಭ್ಯಾಸ, ವಿಡಿಯೋ ನಿಲ್ಸಿ ಪ್ರಶ್ನೆ ಕೇಳೋವಾಗ ಮಗು ಕಿಟಕಿ ಆಚೆ ನೋಡ್ತಾ ಉತ್ತರ ಹೇಳ್ಲಿ, ಎರಡೂ ಒಟ್ಟಿಗೆ ಆಗತ್ತೆ. ಅದಕ್ಕಿಂತ ದೊಡ್ಡದು ಹೊರಗಡೆ ಬೆಳಕು. ಚೀನಾದ ಗ್ವಾಂಗ್‌ಝೌನಲ್ಲಿ ಒಂದನೇ ತರಗತಿ ಮಕ್ಕಳಿಗೆ ದಿನಾ 40 ನಿಮಿಷ ಹೊರಗಡೆ ಹೆಚ್ಚುವರಿ ಆಟ ಕೊಟ್ಟು ಮೂರು ವರ್ಷ ನೋಡಿದ್ರು, 2015ರಲ್ಲಿ ಫಲಿತಾಂಶ ಬಂತು, ಸಮೀಪದೃಷ್ಟಿ ಹೊಸದಾಗಿ ಬಂದಿದ್ದು ಹೊರಗೆ ಆಡಿದೋರಲ್ಲಿ 30.4%, ಉಳಿದೋರಲ್ಲಿ 39.5%. ನಿದ್ದೆ 6ರಿಂದ 12 ವರ್ಷದೋರಿಗೆ 9ರಿಂದ 12 ಗಂಟೆ, ಹದಿಹರೆಯದೋರಿಗೆ 8ರಿಂದ 10. ಮಲಗೋಕೆ ಒಂದು ಗಂಟೆ ಮುಂಚೆ ಸ್ಕ್ರೀನ್ ಬಂದ್, ಫೋನ್ ಚಾರ್ಜಿಗೆ ಹಾಕೋದು ಮಲಗೋ ರೂಮಿನ ಆಚೆ.

ಸೇಫ್ಟಿ ಚಿಕ್ಕದಾಗಿ ಹೇಳ್ತೀನಿ: ಮಗುಗೆ ಬೇರೆ ಅಕೌಂಟ್, ಪೂರ್ತಿ ಹೆಸರು ಫೋಟೋ ಸ್ಕೂಲ್ ಹೆಸರು ಎಲ್ಲೂ ಹಾಕೋದು ಬೇಡ, ಕ್ಲಾಸ್ ಲಿಂಕ್ ಯಾರಿಗೂ ಕಳಿಸೋದು ಬೇಡ. ಚಾಟಲ್ಲಿ ಯಾರಾದ್ರೂ ಕಿರಿಕಿರಿ ಮಾಡಿದ್ರೆ ನಮಗೆ ಹೇಳಿದ ಮಗುಗೆ ಬೈಗುಳ ಸಿಗಬಾರ್ದು, ಫೋನ್ ಕಿತ್ಕೊಳ್ಳೋದೂ ಬೇಡ, ಇಲ್ಲಾಂದ್ರೆ ಎರಡನೇ ಸಲ ಹೇಳಲ್ಲ.

ಕಲೀತಾ ಇದಾರಾ ಅಂತ ಗೊತ್ತಾಗೋದು ಹೇಗೆ

ಆ್ಯಪಲ್ಲಿ ಬರೋ ಸ್ಟಾರು, ಬ್ಯಾಡ್ಜು, ಸ್ಟ್ರೀಕು ಇವ್ಯಾವುದೂ ಲೆಕ್ಕಕ್ಕಿಲ್ಲ. ವಾರದ ಕೊನೇಲಿ ಹದಿನೈದು ನಿಮಿಷ, ಮಗು ಟೀಚರ್, ನೀವು ವಿದ್ಯಾರ್ಥಿ. ವಾರದಲ್ಲಿ ಕಲಿತ ಒಂದು ವಿಷಯ ಪುಸ್ತಕ ನೋಡ್ದೆ ನಿಮಗೆ ಕಲಿಸ್ಲಿ, ನೀವು ನಿಜವಾಗ್ಲೂ ಪ್ರಶ್ನೆ ಕೇಳಿ. ಆಮೇಲೆ ಅದೇ ವಿಷಯದ, ವಿಡಿಯೋದಲ್ಲಿ ಬಂದಿರದ ಒಂದು ಹೊಸ ಲೆಕ್ಕ ಕೊಡಿ. ಕಲಿಸೋದು ಬಂದು ಲೆಕ್ಕ ಬರ್ಲಿಲ್ಲಾಂದ್ರೆ ಬಾಯಿಪಾಠ ಆಗಿದೆ ಅಂತ ಅರ್ಥ, ಲೆಕ್ಕ ಬಂದು ಹೇಳೋಕೆ ಬರ್ಲಿಲ್ಲಾಂದ್ರೆ ಇನ್ನೊಂದು ವಾರ ಬಿಡಿ, ಮಾತು ಆಮೇಲೆ ಬರತ್ತೆ. ಎರಡು ಮೂರು ವಾರ ಆದ್ರೂ ಒಂದೇ ಜಾಗದಲ್ಲಿ ನಿಂತಿದ್ರೆ ಟೀಚರಿಗೆ ಬರೀರಿ, ಮಗು ಗಣಿತದಲ್ಲಿ ವೀಕ್ ಅಂತ ಬರೆದ್ರೆ ಅವರಿಗೇನೂ ಗೊತ್ತಾಗಲ್ಲ, "ಛೇದ ಒಂದೇ ಇದ್ರೆ ಕೂಡ್ತಾನೆ, ಬೇರೆ ಇದ್ರೆ ಎರಡೂ ಕೂಡಿಸ್ಬಿಡ್ತಾನೆ" ಅಂತ ಬರೆದು ಆ ಹಾಳೆ ಫೋಟೋ ಕಳ್ಸಿ, ಸ್ಪಷ್ಟವಾದ ಉತ್ತರ ಬರೋ ಸಾಧ್ಯತೆ ತುಂಬಾ ಜಾಸ್ತಿ.

ಕೊನೇದಾಗಿ, ಕರೆಂಟೋ ನೆಟ್ಟೋ ಹೋಗೋ ದಿನಕ್ಕೆ ಒಂದು ಚೀಲ ರೆಡಿ ಇಟ್ಕೊಳಿ: ಚೀಟಿ ಡಬ್ಬ, ಒಂದು ಕತೆ ಪುಸ್ತಕ, ಮೊದಲೇ ಬರೆದಿಟ್ಟ ಹತ್ತು ಕಲಸಿದ ಲೆಕ್ಕ, ಖಾಲಿ ಹಾಳೆ. ಲೈವ್ ಕ್ಲಾಸ್ ಮಧ್ಯ ನೆಟ್ ಹೋದ್ರೆ ಟೀಚರಿಗೆ ಒಂದು ಮೆಸೇಜ್ ಹಾಕಿ, ವಾಪಸ್ ಬರತ್ತೆ ಅಂತ ಸ್ಕ್ರೀನ್ ನೋಡ್ತಾ ಅರ್ಧ ಗಂಟೆ ಕೂರ್ಬೇಡಿ, ಅಲ್ಲೀವರೆಗೆ ಏನಾಯ್ತೋ ಅದನ್ನ ಮಗು ಹಾಳೆ ಮೇಲೆ ಬರಿಯೋಕೆ ಶುರು ಮಾಡ್ಲಿ.